ಆಟದ ಗುಂಡಿ

ಆಗೆಲ್ಲ ಪೀಣ್ಯದ ನಮ್ಮ ವಠಾರದಲ್ಲಿ ಮುಗಿದ ಸೆಲ್ಲನ್ನು ಯಾರೂ ಸುಲಭಕ್ಕೆ ಎಸೆಯುತ್ತಿರಲಿಲ್ಲ. ಮೊದಲು ಬಿಸಿಲಿಗಿಡುವುದು, ಅದಕ್ಕೂ ಜಗ್ಗದಿದ್ದರೆ ಹಲ್ಲಿನಿಂದ ಕಚ್ಚುವುದು. ಕಾರ್ಖಾನೆಯಿಂದ ಲೇತಿನ ಎಣ್ಣೆ ವಾಸನೆ ಹೊತ್ತು ಬರುತ್ತಿದ್ದ ಅಪ್ಪ, ರೇಡಿಯೋ ಸೆಲ್ಲುಗಳನ್ನು ಕಚ್ಚಿ ಕಚ್ಚಿಯೇ ವಾರ್ತೆ ಕೇಳುತ್ತಿದ್ದರು.

ಅಂಥ ಮನೆಗೆ ಚಿಕ್ಕಪ್ಪ ಮದರಾಸಿನಿಂದ ಅಂಗೈಯಗಲದ ವಿಡಿಯೋ ಗೇಮ್ ತಂದರು. ಬೀಳುವ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹಿಡಿಯುವ ಆಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಪಕ್ಕದ ಮನೆಯವರು ಆಡಿಕೊಂಡರು. ಅವರ ಮಕ್ಕಳೇ ಮೊದಲು ಸಾಲು ನಿಂತರು. ಅದರೊಳಗಿನ ಪುಟ್ಟ ದುಂಡು ಸೆಲ್ಲುಗಳನ್ನು ನಾವು ಮಕ್ಕಳು ಗುಂಡಿ ಎನ್ನುತ್ತಿದ್ದೆವು. ಆರು ತಿಂಗಳು ಬರುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ಇಡೀ ವಠಾರವೇ ಆಡಿದ ಮೇಲೆ ಎಲ್ಲಿಯ ಆರು ತಿಂಗಳು? ದಸರಾ ರಜೆ ಬರುವಷ್ಟರಲ್ಲಿ ಮೊಟ್ಟೆಗಳು ಮಸುಕಾದವು.

ರಜೆಗೆ ಕುಂದಲಹಳ್ಳಿಯ ಅಜ್ಜಿ ಮನೆಗೆ ಹೋಗಿದ್ದ ನಾನು ಮರಳಿದಾಗ, ನಾಲ್ಕು ವರ್ಷದ ತಮ್ಮ ಮಂಜ ಅಮ್ಮನ ತೊಡೆಯ ಮೇಲೆ ಜೊಲ್ಲು ಸುರಿಸುತ್ತ ಮಲಗಿದ್ದ. ಗುಂಡಿ ನುಂಗಿದೆ ಎಂದು ಹಿಂದಿನ ದಿನ ಅವನೇ ಬಂದು ಹೇಳಿದ್ದನಂತೆ. ಅವನ ಅಂಗಿಯಲ್ಲೂ ಒಂದು ಗುಂಡಿ ಕಿತ್ತುಹೋಗಿತ್ತು. ಅಮ್ಮ ಎಲ್ಲ ತಾಯಂದಿರಂತೆ ಬಾಳೆಹಣ್ಣು ತಿನ್ನಿಸಿ, ಅದು ಹೊರಗೆ ಹೋಗಲೆಂದು ಕಾಯುತ್ತಿದ್ದಳು. ಈಗ ನೀರೂ ಇಳಿಯುತ್ತಿರಲಿಲ್ಲ.

ಚಾಪೆಯ ಮೇಲೆ ಗೇಮ್ ಬಿದ್ದಿತ್ತು, ಹಿಂಬದಿಯ ಮುಚ್ಚಳ ತೆಗೆದಿತ್ತು. ಒಂದು ಸೆಲ್ಲು ಇತ್ತು, ಇನ್ನೊಂದಿಲ್ಲ. ಅಪ್ಪನ ಹಾಗೆ ಕಚ್ಚಿ ನೋಡಿದ್ದಾನೆ.

“ಅಮ್ಮಾ, ಅಂಗಿ ಗುಂಡಿ ಅಲ್ಲ ಕಣಮ್ಮ, ಆಟದ್ ಗುಂಡಿ. ಸೆಲ್ಲು” ಅಂದೆ.

ಅಮ್ಮ ಅವನ ಗಲ್ಲ ಹಿಡಿದೆತ್ತಿದಳು. “ಸೆಲ್ಲು ಅನ್ಬಾರ್ದಿತ್ತೇನೋ ಕಂದಾ” ಅಂದಳು.

ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಅಷ್ಟರಲ್ಲಿ ಅದು ಗಂಟಲನ್ನು ಒಳಗಿನಿಂದ ಸುಟ್ಟಿತ್ತು. ಒಂದು ಮೊಟ್ಟೆ ತೋರಿಸಲಾಗದ ಸೆಲ್ಲಿನಲ್ಲಿ ಮಗುವಿನ ಗಂಟಲು ಸುಡುವಷ್ಟು ಜೀವ ಉಳಿದಿತ್ತಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮಂಜ ಬದುಕಿಕೊಂಡ. ಸ್ವರ ಹೋಯಿತು, ಉಳಿದದ್ದು ಬರೀ ಪಿಸುಮಾತು.

ಈಗಿನ ಮಕ್ಕಳು ಗೋಡೆಗೆ ವೈರು ಸಿಕ್ಕಿಸಿ ಆಡುತ್ತಾರೆ, ಆಡಲಿ. ವಠಾರದ ಬಾಗಿಲಲ್ಲಿ ನಿಂತು ಮಂಜ ನನ್ನನ್ನು ಅಕ್ಕಾ ಎಂದು ಕೂಗುತ್ತಿದ್ದ ದನಿ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಅಮ್ಮನಿಗೆ ಈಗ ಕಿವಿ ಮಂದ. ಸಂಜೆ ಮಂಜ ಅವಳ ಪಕ್ಕ ಕುಳಿತು ತುಟಿ ಅಲ್ಲಾಡಿಸುತ್ತಾನೆ. ಏನು ಹೇಳಿದನೆಂದು ತಿಳಿಯದೆ ಅವಳು ಎಲ್ಲಕ್ಕೂ ಹೂಂ ಅನ್ನುತ್ತಾಳೆ.