ಹುರಿಟ್ಟಿನ ಉಂಡೆಯೊಳಗಿನ ಗುಳಿಗೆ

ನಾನು ಚಿಕ್ಕವನಿದ್ದಾಗ ನನ್ನ ಹೊಟ್ಟೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು. ನಾನಿನ್ನೂ ಬೀದಿಯಲ್ಲಿರುವಾಗಲೇ ಅದು ಅಡುಗೆಮನೆಗೆ ಹೋಗಿ, ಮಡಕೆ ಮುಚ್ಚಳ ತೆಗೆದು, ಒಳಗೇನಿದೆ ಎಂದು ನೋಡಿಕೊಂಡು ವಾಪಸು ಬಂದಿರುತ್ತಿತ್ತು. ಮಕ್ಕಳೇ, ನಗಬೇಕಾದರೆ ಈಗಲೇ ನಕ್ಕುಬಿಡಿ. ಮುಂದೆ ಅಷ್ಟು ಜಾಗ ಸಿಗುವುದಿಲ್ಲ.

ಮಂಡ್ಯದ ಹತ್ತಿರದ ಯಲಿಯೂರಿನಿಂದ ಒಳಗೆ ನಡೆದರೆ ನಾಲೆಯ ಪಕ್ಕ ನಮ್ಮೂರು. ನಾಲೆಗೆ ನೀರು ಬಿಟ್ಟ ಮೇಲೆ ರಾಗಿ ಹೊಲಗಳೆಲ್ಲ ಗದ್ದೆಯಾದವು, ಕಬ್ಬು ಆಳೆತ್ತರ ಬೆಳೆಯಿತು. ಅದರ ಜೊತೆಯಲ್ಲೇ ಸೊಳ್ಳೆಯೂ ಬೆಳೆಯಿತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಮಹಾಯುದ್ಧದ ಆ ವರ್ಷ ಜ್ವರ ಹೊಗದ ಮನೆ ಊರಿನಲ್ಲಿ ಒಂದೂ ಇರಲಿಲ್ಲ. ನಡುಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ ಜಗುಲಿಗಳ ಮೇಲೆ ಜನ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ನಮ್ಮ ಬೀದಿಯಲ್ಲೇ ಮೂರು ಮಕ್ಕಳನ್ನು ಮಣ್ಣು ಮಾಡಿ ಬಂದಿದ್ದರು.

ನಮ್ಮ ಮನೆಯಲ್ಲಿ ಅದು ಹಿಡಿದದ್ದು ತಂಗಿಯನ್ನು. ಅವಳಿಗೆ ಆರು ವರ್ಷ, ನನಗೆ ಒಂಬತ್ತು. ಮೂಲೆಯ ಚಾಪೆಯ ಮೇಲೆ ಮಲಗಿದ್ದಳು. ಕೈಕಾಲು ಕಡ್ಡಿಯಾಗಿದ್ದವು, ಕಣ್ಣು ಮಾತ್ರ ದೊಡ್ಡವಾಗಿದ್ದವು. ಅಪ್ಪ ಮಂಡ್ಯಕ್ಕೆ ನಡೆದುಹೋಗಿ, ಆಸ್ಪತ್ರೆಯ ಮುಂದೆ ದಿನವಿಡೀ ಕೂತು, ಐದು ಗುಳಿಗೆ ತಂದಿದ್ದ. ಕ್ವಿನೈನ್. ಅದರ ಕಹಿ ನಿಮಗೆ ಗೊತ್ತಿಲ್ಲ. ನಾಲಿಗೆಗೆ ತಾಕಿದರೆ ಸಾಕು, ಕಹಿ ಕಿವಿಯವರೆಗೂ ಹತ್ತುತ್ತಿತ್ತು. ತಂಗಿ ಮೂಸಿ ನೋಡಿಯೇ ಬಾಯಿ ಬಿಗಿದುಕೊಂಡಳು.

ಅದಕ್ಕೆ ಅವ್ವ ಒಂದು ಉಪಾಯ ಮಾಡಿದಳು. ಹಿಂದಿನ ರಾತ್ರಿಯೇ ರಾಗಿಗೆ ಮಜ್ಜಿಗೆ ಚಿಮುಕಿಸಿ, ಬಟ್ಟೆ ಮುಚ್ಚಿ ಇಟ್ಟಳು. ಬೆಳಗ್ಗೆ ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿದಳು. ಕಪ್ಪು ರಾಗಿ ಚಟಪಟ ಸಿಡಿದು, ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ ಅರಳಿತು. ಮನೆ ತುಂಬ ಅದರ ಘಮ. ಅರಳನ್ನು ಬೀಸಿದರೆ ಹುರಿಟ್ಟು. ಅದಕ್ಕೆ ಹುರಿದ ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿ, ಕುಟ್ಟಿದ ಬೆಲ್ಲ ಸೇರಿಸಿ ಅವ್ವ ಉಂಡೆ ಕಟ್ಟಿದಳು. ಬಡಕಲಾದ ಮಕ್ಕಳ ಮೈಗೆ ಕಸುವು ಬರಲಿ ಎಂದು ನಮ್ಮ ಕಡೆ ಮಾಡುತ್ತಿದ್ದ ಸಿಹಿ ಅದು. ಒಂದೊಂದು ಉಂಡೆಯ ಹೊಟ್ಟೆಯಲ್ಲಿ ಒಂದೊಂದು ಗುಳಿಗೆ ಅಡಗಿಸಿ, ಕುಡಿಕೆಯೊಳಗಿಟ್ಟು, ತೊಲೆಯಿಂದ ಇಳಿಬಿಟ್ಟ ನೆಲುವಿನ ಮೇಲೆ ಇಟ್ಟಳು. ನನ್ನ ಪಾಲಿನ ಎರಡು ಉಂಡೆ ಕೊಟ್ಟು, "ಮೇಲ್ಗಡೆದು ಮುಟ್ಟಿದ್ರೆ ಕೈ ಮುರೀತೀನಿ" ಎಂದು ಹೇಳಿ ನೀರಿಗೆ ಹೋದಳು. ಗುಳಿಗೆಯ ಸುದ್ದಿ ಮಾತ್ರ ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಊರಿಗೆಲ್ಲ ಸಾರಿ ಬರುತ್ತಿದ್ದೆ, ಅದು ಅವಳಿಗೂ ಗೊತ್ತು.

ಅವ್ವನ ನೆರಳು ಬೀದಿ ದಾಟುವ ಮೊದಲೇ ನಾನು ಒರಳುಕಲ್ಲು ಹತ್ತಿದ್ದೆ. ಸಿಕ್ಕಿಬೀಳುವ ಭಯಕ್ಕೆ ಅಗಿಯುವ ಗೋಜಿಗೇ ಹೋಗಲಿಲ್ಲ. ಹೆಬ್ಬಾವಿನ ಹಾಗೆ ಒಂದು, ಎರಡು, ಮೂರು, ನಾಲ್ಕು ನುಂಗಿದೆ. ಐದನೆಯದು ಕೊನೆಯದಲ್ಲವೇ, ರುಚಿ ನೋಡೋಣ ಎಂದು ಕಚ್ಚಿದೆ.

"ಅವ್ವೋ! ಉಂಡೇಲಿ ಇಸ ಅದೆ ಕಣವ್ವೋ!"

ಕಿರುಚಿ ಒರಳಿನಿಂದ ಉರುಳಿಬಿದ್ದೆ. ಅಂಗಳಕ್ಕೆ ಓಡಿ ಬಾಯಲ್ಲಿದ್ದದ್ದನ್ನು ಧೂಳಿಗೆ ಉಗಿದೆ. ನಮ್ಮ ಕೋಳಿ ಓಡಿಬಂದು ಒಂದು ಸಲ ಕುಕ್ಕಿ, ತಲೆ ಕೊಡವಿ, ನನ್ನನ್ನೇ ದುರುಗುಟ್ಟಿ ನೋಡಿತು. ಬಿಂದಿಗೆ ಇಳಿಸಿದ ಅವ್ವನಿಗೆ ಖಾಲಿ ಕುಡಿಕೆ ಕಂಡಿತು. ಹೊಡೆಯುತ್ತಾಳೆ ಎಂದು ಬೆನ್ನು ಬಗ್ಗಿಸಿ ನಿಂತೆ. ಹೊಡೆಯಲಿಲ್ಲ. ನೆಲಕ್ಕೆ ಕುಸಿದು ಕೂತಳು.

"ಒಟ್ಟೆ ಸೇದೋಗ! ಅದು ನಿನ್ ತಂಗಿ ಜೀವ ಕಣ್ಲಾ. ಐದೂ ನುಂಗ್ಬುಟ್ಟಲ್ಲಾ."

ಮೂಲೆಯಿಂದ ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. "ಉಂಡೆ ಒಳಗೆ ಮದ್ದು ಮಡಗಿದ್ಯಾ ಅವ್ವಾ?" ಎಂದಳು, ಸಣ್ಣ ದನಿಯಲ್ಲಿ.

ಆ ಸಂಜೆ ನಾನು ವಾಂತಿ ಮಾಡಿಕೊಂಡೆ. ಎರಡು ದಿನ ನನ್ನ ಕಿವಿಯೊಳಗೆ ಮೈಸೂರಿನ ರೈಲು ನಿಲ್ಲದೆ ಓಡಿತು. ಚಳಿಜ್ವರ ಮಾತ್ರ ನನ್ನ ಹತ್ತಿರ ಸುಳಿಯಲಿಲ್ಲ. ಬರದ ಜ್ವರಕ್ಕೆ ಇಡೀ ಮನೆಯ ಮದ್ದು ತಿಂದ ಭೂಪ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಅಪ್ಪ ಮತ್ತೆ ಮಂಡ್ಯಕ್ಕೆ ನಡೆದ. ಮಾರನೆಯ ದಿನ ಬಂದವನು ಪಂಚೆಯ ಗಂಟು ಬಿಚ್ಚಿದರೆ ಇದ್ದದ್ದು ಎರಡೇ ಗುಳಿಗೆ. "ಎಲ್ಲಾ ಯುದ್ಧಕ್ಕೋಗಿರೋ ಸಿಪಾಯ್ಗಳ್ಗೆ ಓಯ್ತದಂತೆ ಕಣಮ್ಮಿ. ಇವೆರಡ್ಕೇ ಅವ್ರ ಕಾಲಿಡ್ಕಂಡೆ" ಎಂದು ಗೋಡೆಗೆ ಒರಗಿದ. ನನ್ನ ಕಡೆ ನೋಡಲೂ ಇಲ್ಲ. ಎರಡೇಟು ಬಿಟ್ಟಿದ್ದರೆ ನನಗೆ ಹಾಯಾಗುತ್ತಿತ್ತು.

ತಂಗಿ ಈಗ ಯಾವುದನ್ನೂ ನಂಬುತ್ತಿರಲಿಲ್ಲ. ಅವ್ವ ಉಂಡೆ ಹಿಡಿದರೆ ಎರಡೂ ಕೈಯಲ್ಲಿ ಮುರಿದು, ಬೆರಳಿನಿಂದ ಕೆದಕಿ ನೋಡುತ್ತಿದ್ದಳು. ಗುಳಿಗೆ ಸಿಕ್ಕಿದ ಕೂಡಲೇ, "ನೀನು ಸುಳ್ಳಿ, ತಿನ್ನಾಕಿಲ್ಲ ಓಗು" ಎಂದು ಮುಖ ತಿರುಗಿಸುತ್ತಿದ್ದಳು. ಅವಳ ಹಣೆ ಒಲೆಯ ಕಲ್ಲಿನಂತೆ ಸುಡುತ್ತಿತ್ತು.

ನನಗೆ ಇದ್ದದ್ದು ಒಂದೇ ವಿದ್ಯೆ, ಹೊಟ್ಟೆಬಾಕತನ. ಅವ್ವನ ಕೈಯಿಂದ ಗುಳಿಗೆ ಇಸಿದುಕೊಂಡು ಗೋಲಿಯಷ್ಟು ಸಣ್ಣ ಉಂಡೆಯೊಳಗೆ ನಾನೇ ಅಡಗಿಸಿದೆ. ಇನ್ನೊಂದು ಬರೀ ಉಂಡೆ ಮಾಡಿ ತಂಗಿಯ ಕೈಗಿಟ್ಟೆ. ಗುಳಿಗೆ ಇದ್ದದ್ದನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಕಳ್ಳನ ಹಾಗೆ ಜೊಲ್ಲು ಸುರಿಸುತ್ತಾ ನಿಂತೆ.

"ಇಂದ್ಗಡೆ ಏನ್ಲಾ ಅಣ್ಣಯ್ಯ?"

"ಏನಿಲ್ಲ ಕಣೆ. ಇದು ನಂದು. ಚೆನ್ನಾಗಿರೋದು ಇದು."

"ಮೊನ್ನೆ ಎಲ್ಲಾನೂ ತಿಂದೆ. ಇದ ನಾನೇ ತಿನ್ತೀನಿ, ಕೊಡ್ಲಾ!"

"ಕೊಡಾಕಿಲ್ಲ. ಇಸ್ಕಂಡ್ರೂ ಬಾಯೊಳಗಿಂದ್ಲೇ ಕಿತ್ಕತೀನಿ, ನೋಡ್ತಾ ಇರು!"

ಎದ್ದು ಕೂರಲಾರದ ಹುಡುಗಿ ಇದ್ದಷ್ಟೂ ಬಲ ಕೂಡಿಸಿ ನನ್ನ ಮುಷ್ಟಿ ಬಿಡಿಸಿ ಉಂಡೆಯನ್ನು ಬಾಯಿಗೆ ಹಾಕಿಕೊಂಡಳು. ನಾನು ಅವಳ ಬಾಯಿಗೆ ಕೈ ಹಾಕುವವನಂತೆ ಮೇಲೆ ಬಿದ್ದೆ. ಅವಳು ಹೆದರಿ ಗಟಕ್ಕನೆ ನುಂಗಿದಳು. ಗೆದ್ದೆ ಎಂದು ನಾಲಿಗೆ ಚಾಚಿ ತೋರಿಸಿದಳು. ನಾನು ನೆಲದ ಮೇಲೆ ಹೊರಳಾಡಿ ಗೋಳೋ ಎಂದು ಅತ್ತೆ. ನಟನೆಗೆಂದು ಶುರುವಾದ ಅಳು ಆಮೇಲೆ ನಿಲ್ಲಲಿಲ್ಲ. ಬಾಗಿಲಿನ ಮರೆಯಲ್ಲಿ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಮಾರನೆಯ ದಿನ ತಂಗಿ ಎರಡನೆಯ ಗುಳಿಗೆಯನ್ನೂ ಹಾಗೇ ಕಿತ್ತುಕೊಂಡು ನುಂಗಿದಳು. ಜ್ವರ ಇಳಿಯಿತು. ತಂಗಿ ಜಗುಲಿಗೆ ಬಂದು ಕೂತಳು.

ಕಥೆ ಇಲ್ಲೇ ಮುಗಿದಿದ್ದರೆ ನಾನು ದೊಡ್ಡ ಶೂರ. ಆದರೆ ಐದು ಗುಳಿಗೆಯ ಕೆಲಸವನ್ನು ಎರಡು ಮಾಡುತ್ತವೆಯೇ? ಭತ್ತದ ಕುಯ್ಲಿನ ಹೊತ್ತಿಗೆ ಜ್ವರ ತಿರುಗಿ ಬಂತು. ಅಪ್ಪ ಮಂಡ್ಯಕ್ಕೆ, ಮದ್ದೂರಿಗೆ, ಕೊನೆಗೆ ಮಳವಳ್ಳಿಯವರೆಗೂ ನಡೆದು ಬರಿಗೈಯಲ್ಲಿ ಬಂದ. ಈ ಸಲ ಮೋಸ ಮಾಡೋಣವೆಂದರೂ ಗುಳಿಗೆ ಇರಲಿಲ್ಲ.

ಅವ್ವ ಬರೀ ಉಂಡೆ ಕಟ್ಟಿದಳು. ತಂಗಿ ಮಲಗಿದ್ದಲ್ಲೇ ಅದನ್ನು ಮುರಿದಳು. ಬೆರಳಾಡಿಸಿ ನೋಡಿದಳು. ಇನ್ನೊಂದು ಸಲ ನೋಡಿದಳು. "ಏನೂ ಇಲ್ಲ ಕಣ್ಲಾ ಅಣ್ಣಯ್ಯ" ಎಂದು ನಕ್ಕು ಅರ್ಧ ನನಗೆ ಕೊಟ್ಟಳು. ಅವಳು ತಿಂದ ಕೊನೆಯ ಸಿಹಿ ಅದು. ಮೂರನೆಯ ದಿನ ಅಪ್ಪ ಅವಳನ್ನು ಎತ್ತಿಕೊಂಡು ನಾಲೆಯಾಚೆಗೆ ಹೋದ. ನನ್ನನ್ನು ಜೊತೆಗೆ ಕರೆಯಲಿಲ್ಲ. ಎಷ್ಟೋ ವರ್ಷದ ಮೇಲೆ ಅವ್ವ ಒಂದು ದಿನ, "ನಿನ್ನಿಂದ ಅಲ್ಲ ಕಣ್ಲಾ ಮಗ" ಎಂದಳು. ನಾನು ಕೇಳಿರಲೇ ಇಲ್ಲ, ಅವಳಾಗಿ ಹೇಳಿದಳು. ಅದನ್ನು ನಾನು ಇನ್ನೂ ಪೂರ್ತಿ ನಂಬಿಲ್ಲ.

ಈಗ ನಿಮಗೆ ಮೈ ಬೆಚ್ಚಗಾದರೆ ನಿಮ್ಮಪ್ಪ ಬೀದಿ ಕೊನೆಯ ಅಂಗಡಿಯಿಂದ ಮದ್ದು ತರುತ್ತಾನೆ, ಅದೂ ಕಿತ್ತಳೆ ಹಣ್ಣಿನ ರುಚಿಯದ್ದು. ನಿಮ್ಮಮ್ಮ ರಾಗಿ ಹುರಿದು, ಖರ್ಜೂರ, ಬಾದಾಮಿ ಸೇರಿಸಿ, ಸಕ್ಕರೆ ಹಾಕದೆ ಉಂಡೆ ಮಾಡಿ ಡಬ್ಬಿ ತುಂಬುತ್ತಾಳೆ. ನೀವು ಟೀವಿಯಿಂದ ಕಣ್ಣು ಕೀಳದೆ, ಕೈಗೆ ಸಿಕ್ಕಿದ್ದನ್ನು ಹಾಗೇ ಬಾಯಿಗೆ ಹಾಕಿಕೊಳ್ಳುತ್ತೀರಿ. "ತಿನ್ನೋದನ್ನ ನೋಡ್ಕೊಂಡು ತಿನ್ರೋ" ಎಂದು ಅವಳು ಗದರುತ್ತಾಳೆ. ನಾನು ಮಾತ್ರ ಗದರುವುದಿಲ್ಲ. ಅಮ್ಮ ಕೊಟ್ಟದ್ದನ್ನು ಮುರಿದು ನೋಡದೆ ತಿನ್ನುವ ಮಕ್ಕಳನ್ನು ನೋಡುತ್ತಾ ಕೂತಿರುತ್ತೇನೆ.