ಹುಚ್ಚಣ್ಣನ ಎಣಿಕೆ, ಕೋಮಲಾಳ ಓಲೆ

ಕಂದಿಕೆರೆ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಎಣಿಸಬೇಕೆಂದರೆ ಹುಚ್ಚಣ್ಣನೇ ಬರಬೇಕು. ಕೈಗೆ ಎರಡೆರಡು ಕಾಯಿ ಹಿಡಿದು ಈ ರಾಶಿಯಿಂದ ಆ ರಾಶಿಗೆ ಎಸೆಯುತ್ತ ರಾಗವಾಗಿ ಎಣಿಸುವನು. ಬೇರೆಯವರು ಲೆಕ್ಕ ತಪ್ಪದಿರಲೆಂದು ನೂರಕ್ಕೊಂದು ಕಾಯಿ ಪಕ್ಕಕ್ಕೆ ತೆಗೆದಿಡುತ್ತಾರೆ. ಹುಚ್ಚಣ್ಣನಿಗೆ ಅದು ಅವಮಾನ. "ಲೆಕ್ಕ ಇಲ್ಲಿರ್ತದೆ ಕಣಪ್ಪ," ಎಂದು ಹಣೆ ತಟ್ಟಿಕೊಳ್ಳುವನು. "ಬೊಗಸೆ ನೀರಿದ್ದಂಗೆ. ಅಲ್ಲಾಡಿಸ್ಬ್ಯಾಡಿ, ಅಷ್ಟೇಯ."

ಆ ಬೊಗಸೆ ಅಲ್ಲಾಡಿಸುವುದೇ ಅಂದು ತೋಟದ ಮನೆಯ ಸೊಸೆ ಕೋಮಲಾಳಿಗೆ ಬೇಕಾಗಿತ್ತು. ಹಿಂದಿನ ಸಂಜೆ ಕಾಯಿ ರಾಶಿ ಹಾಕುವಾಗ ಅವಳ ಎಡಗಿವಿಯ ಓಲೆ ಬಿದ್ದುಹೋಗಿತ್ತು. ಅತ್ತೆ ಸಿದ್ದಕ್ಕ ತನ್ನ ಕಿವಿಯಿಂದಲೇ ಬಿಚ್ಚಿ ಸೊಸೆಗೆ ಹಾಕಿದ್ದ ಓಲೆ. ಕಿವಿನೋವೆಂದು ಸುಳ್ಳು ಹೇಳಿ, ಸೆರಗು ಬಿಗಿಯಾಗಿ ಹೊದ್ದು, ರಾಶಿ ಕರಗಿದಂತೆಲ್ಲ ನೆಲ ನೋಡುತ್ತ ಕೂತಿದ್ದಳು. ಅಷ್ಟರಲ್ಲಿ ಕೂಸು ಅತ್ತಿತು. ಹಾಲು ಕುಡಿಸಿ ಬರುವಷ್ಟರಲ್ಲಿ ಅರ್ಧ ರಾಶಿ ಆಚೆಗೆ ಹೋಗಿತ್ತು. ಓಲೆಯೂ ಅದರೊಳಗೆ ಸೇರಿಹೋಗಿದ್ದರೆ? ಮೊದಲಿಂದ ಎಣಿಸಿದರೆ ಮಾತ್ರ ಸಿಕ್ಕೀತು.

"ಹುಚ್ಚಣ್ಣ, ನಿನ್ನ ಮಗಳಿಗೀಗ ಎಷ್ಟು ವರ್ಷ?"

"ಹತ್ತೊಂಬತ್ತು... ಅಯ್ಯೋ ನಿನ್ನ. ನಾನು ಎಷ್ಟು ಅಂದಿದ್ದೆ?"

ಹೋದ ಕಾಯಿಗಳೆಲ್ಲ ಹಿಂದಕ್ಕೆ ಬಂದವು. ಎರಡನೆಯ ಸಲ ನಡುವೆ ಅವನೇ ನಿಂತು, "ಅಲ್ಲವ್ವ, ಒಂದು ಮಾತು..." ಎಂದ. ಅಷ್ಟು ಕಾಯಿ ಸರಿದರೂ ಓಲೆ ಕಾಣದ ಕೋಮಲಾ, ಕಣ್ಣು ತಪ್ಪಿತೇನೋ ಎಂದು, ಅವನ ಮಾತು ಮುಗಿಯಲು ಬಿಡಲಿಲ್ಲ. "ನಿಮ್ಮೆಮ್ಮೆ ಎಷ್ಟು ಲೀಟರ್ ಕೊಡ್ತದೆ?"

ಆ ಲೆಕ್ಕವೂ ಹೋಯಿತು.

"ಏ ಕೋಮಲಾ, ಬಾಯಿಗೆ ಬೀಗ ಹಾಕ್ಕೊಳ್ಳೇ. ಹುಳಿಯಾರಿಂದ ಲಾರಿ ಬರೋ ಹೊತ್ತಾಯ್ತು," ಎಂದು ಗದರಿದ ಸಿದ್ದಕ್ಕ, ಸೊಸೆಯ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಕಾಯಿಸಲು ಒಳಗೆ ಹೋದಳು.

ಮೂರನೆಯ ಸಲ ಕೋಮಲಾ ತುಟಿ ಬಿಚ್ಚಲಿಲ್ಲ. ಕೊನೆಯ ಕಾಯಿಯೂ ಆಚೆ ಬಿತ್ತು. ನೆಲದ ಮೇಲೆ ಒಣ ನಾರು ಬಿಟ್ಟರೆ ಏನೂ ಇಲ್ಲ. ಅವಳ ಕಣ್ಣು ತುಂಬಿತು.

ಬೀಡಿಗೆಂದು ಜೇಬಿಗೆ ಕೈ ಹಾಕಿದ ಹುಚ್ಚಣ್ಣ ಪೆಚ್ಚಾದ. ಅಂಗೈಯಲ್ಲಿ ಓಲೆ.

"ಮೊದಲ್ನೇ ಸುತ್ನಾಗೇ ಸಿಕ್ಕಿತ್ತು ಕಣವ್ವ. ನಿಲ್ಸಿದ್ರೆ ಲೆಕ್ಕ ಹೋಗ್ತದೆ ಅಂತ ಜೇಬಿಗೆ ಹಾಕ್ಕೊಂಡೆ. ಆಮೇಲೆ ಹೇಳಾನ ಅಂತ ಬಾಯಿ ತೆಗೆದ್ರೆ ನೀನು ಎಮ್ಮೆ ವಿಷ್ಯ ತಂದೆ. ನನ್ ಬೊಗಸೇಲಿ ಎಷ್ಟು ಅಂತ ಹಿಡಿಸ್ಲಿ?"

ಕೋಮಲಾ ಓಲೆಯ ತಿರುಪು ಬಿಗಿ ಮಾಡುವುದಕ್ಕೂ ಸಿದ್ದಕ್ಕ ಎಣ್ಣೆ ಬಟ್ಟಲು ಹಿಡಿದು ಬರುವುದಕ್ಕೂ ಸರಿಹೋಯಿತು. ಸೊಸೆ ಇಲ್ಲದ ನೋವಿಗೆ ಎಣ್ಣೆ ಬಿಡಿಸಿಕೊಂಡಳು.

"ಒಟ್ಟು ಎಷ್ಟಾಯ್ತಪ್ಪ ಹುಚ್ಚಣ್ಣ?" ಎಂದಳು ಸಿದ್ದಕ್ಕ.

ಹುಚ್ಚಣ್ಣ ಬಾಯಿ ತೆರೆದ. ಹಣೆ ತಟ್ಟಿಕೊಂಡ. ಕೋಮಲಾಳನ್ನು ನೋಡಿದ.

ಅವನು ಮತ್ತೆ ಪಂಚೆ ಎತ್ತಿ ಕಟ್ಟಿ ರಾಶಿಗೆ ಕೈ ಹಾಕಿದಾಗ, ಕೋಮಲಾ ಪಕ್ಕದಲ್ಲಿ ಬಂದು ಕೂತು, ಯಾರೂ ಹೇಳದೆಯೇ, ನೂರಕ್ಕೊಂದು ಕಾಯಿ ತೆಗೆದಿಡುತ್ತ ಹೋದಳು. ಹುಚ್ಚಣ್ಣ ಕಂಡೂ ಕಾಣದವನಂತೆ ರಾಗ ಎಳೆದ.