ಬರ್ತೀನಿ ಅಂದವರು ಹೋಗುವುದೇ ಇಲ್ಲ

ನಮ್ಮ ಮನೆಗೆ ಬಂದವರು ಎದ್ದು ನಿಂತರೆ ಹೊರಟೇಬಿಟ್ಟರು ಅಂತ ನಾನು ನಂಬುವುದಿಲ್ಲ. ಶಹಾಪುರದ ನಮ್ಮ ಓಣಿಯಲ್ಲಿ ‘ಬರ್ತೀನ್ರಿ’ ಅಂದ ಮೇಲೆ ಹೊಸ್ತಿಲಲ್ಲಿ ಒಂದು ಸುತ್ತು, ಕಟ್ಟೆಯ ಹತ್ತಿರ ಇನ್ನೊಂದು ಸುತ್ತು ಮಾತು ಆಗಲೇಬೇಕು. ಇದೆಲ್ಲ ಗೊತ್ತಿದ್ದೂ, ನಾನು ಕಟ್ಟಿದ ಮಾತಾಡುವ ಯಂತ್ರಕ್ಕೆ ಬೀಳ್ಕೊಡುವುದನ್ನೇ ಕಲಿಸಿರಲಿಲ್ಲ. ಇಪ್ಪತ್ತೈದು ವರ್ಷ ಗಣಿತ ಕಲಿಸಿದವಳ ಬುದ್ಧಿ ಅಷ್ಟೇ!

ಶಿಕ್ಷಕರ ತರಬೇತಿಯಲ್ಲಿ ಪ್ರತಿಯೊಬ್ಬರೂ ಎಐ ಬಳಸಿ ಒಂದು ಚಾಟ್‌ಬಾಟ್ ಕಟ್ಟಬೇಕಿತ್ತು. ಬಣ್ಣವಿಲ್ಲ, ಬಟನ್ ಇಲ್ಲ. ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಗೆರೆ. ನಾವು ಟೈಪ್ ಮಾಡಿದ್ದನ್ನು ಎಲ್ಲೋ ಇರುವ ಎಐಗೆ ಮುಟ್ಟಿಸಿ, ಅದು ಹೇಳಿದ್ದನ್ನು ತಂದು ತೋರಿಸುವುದಷ್ಟೇ ನನ್ನ ಪ್ರೋಗ್ರಾಮಿನ ಕೆಲಸ. ಆ ಎಐಗೋ ಮಹಾ ಮರೆವು. ಪ್ರತಿ ಸಲವೂ ಮೊದಲಿನಿಂದ ಆಡಿದ ಮಾತನ್ನೆಲ್ಲ ಮತ್ತೆ ಒಪ್ಪಿಸಬೇಕು. ಅದು ನನಗೆ ಕಷ್ಟವಾಗಲಿಲ್ಲ. ನಮ್ಮ ಯಜಮಾನರಿಗೂ ಹಾಗೆಯೇ ಹೇಳಬೇಕು.

ಶನಿವಾರ ಯಾದಗಿರಿಯಲ್ಲಿ ಪರೀಕ್ಷೆ. ಅಪರಿಚಿತರೊಬ್ಬರು ನನ್ನ ಯಂತ್ರವನ್ನು ಮಾತಾಡಿಸಿ, ನನ್ನ ಸಹಾಯವಿಲ್ಲದೆ ಮುಗಿಸಿ ಏಳಬೇಕು. ಆಗದಿದ್ದರೆ ಬೇಸಿಗೆ ರಜೆಯಲ್ಲಿ ಮತ್ತೆ ಹತ್ತು ದಿನ ಅಲ್ಲೇ ತರಬೇತಿ. ಅದೇ ಹತ್ತು ದಿನದೊಳಗೆ, ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದ ನನ್ನ ಮಗಳಿಗೆ ದಿನ ತುಂಬುವುದಿತ್ತು. ನನಗೆ ನಿಜವಾಗಿಯೂ ಭಯವಾಗಿತ್ತು.

ಶುಕ್ರವಾರ ಸಂಜೆ ಅತ್ತೆಯನ್ನು ಕೂರಿಸಿಕೊಂಡು ತಾಲೀಮು ನಡೆಸಿದೆ. ಅವರು ಹೇಳುವುದು, ನಾನು ಟೈಪ್ ಮಾಡುವುದು. ಬಾಣಂತಿಗೆ ಯಾವ ಪಲ್ಯ ಒಳ್ಳೆಯದು ಅಂತ ಕೇಳಿದರು. ಸಬ್ಬಸಿಗೆ ಅಂತ ಉತ್ತರ ಬಂತು. ತಲೆದೂಗಿ, “ಸಾಕವ್ವ, ಬರ್ತೀನಿ ಅಂತ ಹೇಳು ಅದಕ” ಅಂದರು. ಹೇಳಿದೆ.

‘ಬನ್ನಿ, ತುಂಬಾ ಸಂತೋಷ. ಯಾವಾಗ ಬರುತ್ತೀರಿ?’ ಅಂತ ಪರದೆ ಕೇಳಿತು.

“ನೋಡು, ಎಷ್ಟು ಮರ್ಯಾದಿ ಅದ ಅದಕ! ಪುರಸೊತ್ತಾದಾಗ ಬರ್ತೀನಿ ಅನ್ನು” ಅಂದರು ಅತ್ತೆ.

‘ಖಂಡಿತ ಬನ್ನಿ, ಕಾಯುತ್ತಿರುತ್ತೇನೆ. ಅಲ್ಲಿಯವರೆಗೆ ಇನ್ನೇನಾದರೂ ಕೇಳುವುದಿದೆಯೇ?’

ನಾಲ್ಕು ಸಲ ಬರ್ತೀನಿ ಅಂದರೂ ಬಾಗಿಲು ಮುಚ್ಚಲಿಲ್ಲ. ತಪ್ಪು ನನ್ನದೇ. ಪ್ರೋಗ್ರಾಂ ನಿಲ್ಲಿಸುವ ಪದ ಅಂತ ನಾನು ‘ಹೋಗ್ತೀನಿ’ ಎಂದು ಬರೆದಿದ್ದೆ. “ಅತ್ತಿ, ಹೋಗ್ತೀನಿ ಅನ್ರಿ, ಮುಗೀತದ” ಅಂದೆ.

ಅತ್ತೆಯ ಮುಖ ಬಿಗಿಯಿತು. “ಬಸುರಿ ಮನ್ಯಾಗಿದ್ದಾಳ. ನನ್ನ ಬಾಯಿಂದ ಹೋಗ್ತೀನಿ ಅನ್ನಸ್ತಿ ಏನು?” ಅಂದವರೇ ಎದ್ದು ಒಳಗೆ ನಡೆದರು.

ಸರಿಯಾಗಿಯೇ ಹೇಳಿದ್ದರು. ‘ಎಕ್ಸಿಟ್’ ಅಂತಿದ್ದ ಇಂಗ್ಲಿಷ್ ಪಾಠ ನೋಡಿ ಬರೆದ ನನಗೆ ಹೊರಬಾಗಿಲು ಅಂದರೆ ಹೋಗುವುದು. ನಮ್ಮಲ್ಲಿ ಹೋಗುವವರು ಯಾರು ಹಾಗನ್ನುತ್ತಾರೆ? ಮತ್ತೆ ಬರುವ ಮಾತು ಹೇಳಿಯೇ ಹೋಗುತ್ತಾರೆ. ಮಾತಿನಲ್ಲಿ ಎಲ್ಲೇ ‘ಬರ್ತೀನಿ’, ‘ಬರ್ತೀನ್ರಿ’ ಕಂಡರೂ ನಮಸ್ಕಾರ ಹೇಳಿ ಮುಗಿಸು ಅಂತ ಆಗಲೇ ಕೂತು ತಿದ್ದಿದೆ.

ಮರುದಿನ ನನ್ನ ಯಂತ್ರದ ಮುಂದೆ ಕೂತವರು ಸುರಪುರದ ಮಾಸ್ತರೊಬ್ಬರು. ಹತ್ತಿಗೆ ಬೀಳುವ ಹುಳದಿಂದ ತಮ್ಮ ಮೊಣಕಾಲು ನೋವಿನವರೆಗೆ ಎಲ್ಲವನ್ನೂ ವಿಚಾರಿಸಿದರು. ದೂರ ನಿಂತಿದ್ದ ನನಗೆ ಆಗಲೇ ಒಂದು ಅಪಾಯ ಹೊಳೆಯಿತು: ‘ಗೋಡೆ ಕಟ್ಟಲು ನಾಳೆ ಬರ್ತೀನಿ ಅಂದ ಗೌಂಡಿ ಬರಲಿಲ್ಲ, ಏನು ಮಾಡಲಿ?’ ಅಂತೇನಾದರೂ ಇವರು ಕೇಳಿದರೆ, ಯಂತ್ರ ಇವರನ್ನೇ ಹೊರಗೆ ಹಾಕುತ್ತದಲ್ಲ! ಪುಣ್ಯಕ್ಕೆ ಅವರ ಮನೆಯ ಗೌಂಡಿ ನಿಯತ್ತಿನವನಿದ್ದ. ಕೊನೆಗೆ ಮಾಸ್ತರು ನಿಧಾನವಾಗಿ ಒತ್ತಿದರು: ‘ಬರ್ತೀನ್ರಿ ಮತ್ತ.’

‘ನಮಸ್ಕಾರ, ಹೋಗಿ ಬನ್ನಿ’ ಅಂದು ಯಂತ್ರ ಸುಮ್ಮನಾಯಿತು. ನನಗೆ ಹೋದ ಜೀವ ಬಂತು.

ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಬಂದು, ರೂಢಿಯಂತೆ, ಮಗಳ ವಿಷಯ ಗೊತ್ತಿದ್ದ ತರಬೇತುದಾರರಿಗೆ “ಬರ್ತೀನ್ರಿ ಸರ” ಅಂದೆ.

“ಅಯ್ಯೋ, ಬರಬ್ಯಾಡ್ರಿ ಮೇಡಂ! ಪಾಸಾಗೀರಿ. ಮಗಳ ಹಂತ್ಯಾಕ ಹೋಗ್ರಿ” ಅಂದರು ಅವರು.

ಒಬ್ಬರು ‘ಹೋಗ್ರಿ’ ಅಂದದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಆದರೂ ಹೊಸ್ತಿಲು ದಾಟುವಾಗ, ಬಾಯಿ ತಡೆಯದೆ, ಇನ್ನೊಮ್ಮೆ ಬರ್ತೀನಿ ಅಂದೆ.